ಕಂಬಳಿ ಸಂಘಕ್ಕೆ ಬಂದ ದೋಣಿ

ಆಕೆಯ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ನಡೆಯುವಾಗ, ನಿಂತಾಗ, ಜಗಳ ಆಡುವಾಗ, ಲಿಂಗಸುಗೂರಿನ ನಮ್ಮ ಕಚೇರಿಯ ಕಟ್ಟೆಯ ಮೇಲೆ ಸಾಹೇಬರಿಗಾಗಿ ಕಾಯುವಾಗ, ಎಡಗೈಯಲ್ಲಿ ಕುರಿಯ ಉಣ್ಣೆ, ಬಲಗೈಯಲ್ಲಿ ತಿರುಗುವ ಕದಿರು. ಮಾತಿಗೆ ಮಾತು ಬೆಳೆದಷ್ಟೂ ನೂಲು ಬೆಳೆಯುತ್ತಿತ್ತು. ಒಂದು ದಿನ ನಮ್ಮ ಪೇಷ್ಕಾರರು, ಅಂದರೆ ತಲೆಗುಮಾಸ್ತರು, ಆಕೆಯನ್ನು ಮಧ್ಯಾಹ್ನದವರೆಗೂ ಕಾಯಿಸಿ, ಕೊನೆಗೆ "ನಾಳೆ ಬಾ" ಎಂದರು. ಆಕೆ ಕದಿರನ್ನು ಎತ್ತಿ ತೋರಿಸಿ, "ಅಡ್ಡಿಯಿಲ್ಲ ಬಿಡ್ರಿ. ನಿಮ್ಮ ಕಟ್ಟಿ ಮ್ಯಾಲ ಕುಂತು ಅರ್ಧ ಕಂಬಳಿ ನೂಲು ತಗದೀನಿ. ನಾಳಿ ಬಂದು ಉಳಿದರ್ಧ ತಗಿತೀನಿ" ಎಂದಳು. ಪೇಷ್ಕಾರರು ಅಂದೇ ಕಾಗದ ತೆಗೆದುಕೊಂಡರು.

ಮೊನ್ನೆ ಮಸ್ಕಿ ಕಡೆಯ ಕಂಬಳಿ ಸಂಘದವರು ಇಬ್ಬರು ಮನೆಗೆ ಬಂದಿದ್ದರು. ಹಳಬರ ನೆನಪುಗಳನ್ನು ಸೇರಿಸಿ ಸಣ್ಣದೊಂದು ಪುಸ್ತಕ ಮಾಡುತ್ತಾರಂತೆ. "ಅಜ್ಜಾರ, ಸಂಘ ಕಟ್ಟುವಾಗ ಸರ್ಕಾರದ ಕಡಿಂದ ಬೆನ್ನಿಗೆ ನಿಂತಾವ್ರು ನೀವು. ದೊಡ್ಡವ್ವನ ಬಗ್ಗೆ ನೀವ ಬರೀಬೇಕು" ಎಂದರು. ನಾನು ಬೆನ್ನಿಗೆ ನಿಂತವನಲ್ಲ. ಆ ಸಂಘ ಹುಟ್ಟುವ ಮೊದಲೇ ಅದನ್ನು ಕೆಡಿಸುವುದರಲ್ಲಿದ್ದವನು. ಕೆಟ್ಟದ್ದರ ಭಾರವನ್ನು ಆಕೆಯ ತಲೆಯ ಮೇಲೆ ಬಿಟ್ಟು ಬಾಯಿ ಮುಚ್ಚಿಕೊಂಡವನು. ಎಂಬತ್ತು ದಾಟಿದೆ. ಇನ್ನೂ ಮುಚ್ಚಿಕೊಂಡಿದ್ದರೆ ಆ ಬಾಯಿ ತಾನಾಗಿಯೇ ಮುಚ್ಚಿಹೋಗುತ್ತದೆ.

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಕಾಗದದಲ್ಲಿ ಬರೆಯದವನು ಈಗ ಬರೆದು ದೊಡ್ಡವನಾಗುವುದು ಬೇಡ. ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತೇನೆ.

ಆಗ ನಿಜಾಮರ ಕಾಲ. ನನಗೆ ಇಪ್ಪತ್ತೆರಡು. ಉರ್ದುವಿನಲ್ಲಿ ಹೈಸ್ಕೂಲು ಓದಿ ಗುಮಾಸ್ತನಾಗಿದ್ದೆ. ಬಿಳಿ ಅಂಗಿ, ಕರಿ ಟೊಪ್ಪಿಗೆ, ಕಿವಿಯ ಮೇಲೊಂದು ಲೇಖನಿ. ನನ್ನ ಮೇಜಿನ ಮೇಲೆ ಬೀಳುತ್ತಿದ್ದದ್ದು ಅಂಜುಮನ್‌ಗಳ ಕಾಗದ, ಅಂದರೆ ಹತ್ತು ಮಂದಿ ಕೂಡಿ ಒಬ್ಬರಿಗೊಬ್ಬರು ನೆರವಾಗಲು ಮಾಡಿಕೊಳ್ಳುವ ಸಂಘಗಳ ಕಾಗದ. ನಮ್ಮ ಕಚೇರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಸಂಘ, ಸಾಲ ತೆಗೆಯುವವರದ್ದು. ಅದೂ ರೈತರು ಮಾಡಿಕೊಂಡರೆ ಮಾತ್ರ ಸಂಘ ಎಂದು ನಾವು ತಿಳಿದಿದ್ದೆವು.

ಮೊದಲ ದಿನ ಆಕೆ ಬಂದು ಕೇಳಿದ್ದು ಹೀಗೆ:

"ತಮ್ಮಾ, ಸಂಘದ ಕಾಯ್ದೆ ತಿದ್ಯಾರಂತಲ್ಲ. ಆ ಕಾಗದ ಬಂದೈತೇನು?"

"ಯಾವ ಕಾಗದಾನೂ ಬಂದಿಲ್ಲ ಯವ್ವಾ. ಸಾಲದ ಸಂಘ ಬೇಕಂದ್ರ ಹತ್ತು ಮಂದಿನ ಕರ್ಕೊಂಡು ಬಾ."

"ಸಾಲ ಯಾರಿಗೆ ಬೇಕಾಗೈತಿ? ಕೂಡಿ ಉಣ್ಣಿ ತಂದು, ಕೂಡಿ ಕಂಬಳಿ ನೇದು, ಕೂಡಿ ಮಾರೋರೂ ಸಂಘ ಮಾಡಬೌದಂತ ಹೊಸದಾಗಿ ಬರದಾರಂತ. ಮಸ್ಕಿ ಸಂತ್ಯಾಗ ರಾಯಚೂರಿನ ಇನ್‌ಸ್ಪೆಕ್ಟರ್ ಸಾಹೇಬ್ರ ಹೇಳ್ಯಾರ."

"ಅಂಥಾದ್ದೇನೂ ಇಲ್ಲ."

"ಇಲ್ಲಂದ್ರ ಇಲ್ಲ ಅಂತ ಬರದು ಕೊಡು. ಅವ್ರಿಗೆ ತೋರಸ್ತೀನಿ."

ಬರೆದುಕೊಡಲು ಧೈರ್ಯ ಬರಲಿಲ್ಲ. ಕಪಾಟು ತೆಗೆದು ಹುಡುಕಿದೆ. ದಾರದ ಗಂಟು ಸಹ ಬಿಚ್ಚದ ಒಂದು ಕಟ್ಟಿನಲ್ಲಿ ಆ ತಿದ್ದುಪಡಿಯ ಕಾಗದ ಇತ್ತು. ಆಕೆ ಹೇಳಿದಂತೆಯೇ ಇತ್ತು. ಸರ್ಕಾರ ಕಾನೂನು ತಿದ್ದಿದ್ದು ಒಬ್ಬ ಗುಮಾಸ್ತನಿಗೆ ಗೊತ್ತಿಲ್ಲ, ಅಕ್ಷರ ಬಾರದ ಹೆಂಗಸಿಗೆ ಗೊತ್ತು.

"ಐತಿ ಯವ್ವಾ," ಎಂದೆ, ತಲೆ ಎತ್ತದೆ.

"ಇಲ್ಲೇ ಮಲಗಿತ್ತೇನು ಪಾಪ? ಹೋಗ್ಲಿ ಬಿಡು, ಈಗರ ಎದ್ದೈತಲ್ಲ," ಎಂದು ನಕ್ಕಳು. ಆ ನಗು ಹೇಗಿತ್ತೆಂದರೆ, ಪಕ್ಕದ ಕೋಣೆಯಲ್ಲಿ ಏನೂ ಕೇಳಿರದ ಜವಾನನೂ ನಗುತ್ತಿದ್ದ.

ಆಕೆಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅವರ ಊರಿಗೆ ಉಣ್ಣೆ ಕೊಡುವವನೂ ಒಬ್ಬನೇ ಸಾವುಕಾರ, ಕಂಬಳಿ ಕೊಳ್ಳುವವನೂ ಅವನೇ. ಎರಡು ಕಡೆಯ ಮಾತೂ ಅವನದೇ. ಸರ್ಕಾರದಲ್ಲಿ ದಾಖಲಾದ ಸಂಘ ಇದ್ದರೆ ಸಿಂಧನೂರಿನ ಕುರುಬರಿಂದ ನೇರವಾಗಿ ಉಣ್ಣೆ ತರಬಹುದು, ಸರ್ಕಾರದ ದವಾಖಾನೆಗಳಿಗೆ ನೇರವಾಗಿ ಕಂಬಳಿ ಕಳಿಸಬಹುದು. ಆ ಸಂಘಕ್ಕೆ ತಾನೇ ಸದರ್ ಆಗಬೇಕೆಂಬ ಆಸೆಯನ್ನೂ ಆಕೆ ಮುಚ್ಚಿಡಲಿಲ್ಲ. ಸದರ್ ಅಂದರೆ ಅಧ್ಯಕ್ಷರು. "ನಾ ನೂತದ್ದು, ನಾ ತಿರುಗಿದ್ದು, ನಾ ಬೈಸಿಕೊಂಡದ್ದು. ಮತ್ತ ಕುರ್ಚಿ ಮ್ಯಾಲ ಇನ್ಯಾರ ಕುಂದ್ರಬೇಕು?" ಎನ್ನುತ್ತಿದ್ದಳು.

"ಇಂಥಾ ಹೊಸಾದು ನಿಮಗೆ ತಿಳೀತೈತೇನು ಯವ್ವಾ?" ಎಂದು ನಾನೊಮ್ಮೆ ದೊಡ್ಡಸ್ತಿಕೆ ತೋರಿಸಿದೆ.

"ಹೊಸಾದು? ಇವತ್ತು ನನ್ನ ಕುರಿ ಉಣ್ಣಿ ಕತ್ತರಸಾಕ ಎಲ್ಲಾರೂ ಬರ್ತಾರ, ನಾಳಿ ಅವರ ಕುರಿಗೆ ನಾನು ಹೋಗ್ತೀನಿ. ನಮ್ಮ ಮುತ್ತಜ್ಜಿ ಕಾಲದಿಂದ ಇದಕ್ಕ ಮುಯ್ಯಿ ಅಂತೀವಿ. ನಿಮ್ಮ ಸರ್ಕಾರಕ್ಕ ಇದು ಈಗ ಗೊತ್ತಾಗೈತಿ. ಗೊತ್ತಾತಲ್ಲ, ಚಲೋ ಆತು."

ಸಂಘಕ್ಕೆ ಹತ್ತು ಮಂದಿ ಬೇಕು. ಸಾವುಕಾರನಿಗೆ ಹೆದರಿ ಗಂಡಸರು ಎಂಟೇ ಮಂದಿ ನಿಂತರು. "ಹೆಂಗಸರು ನಾವಿಬ್ರು ಅದೀವಲ್ಲ, ನಾನು, ನನ್ನ ನೆಗೆಣ್ಣಿ" ಎಂದಳು. ಹೆಂಗಸರು ಆಗುವುದಿಲ್ಲ ಎಂದೆ. ಕಾಯ್ದೆಯಲ್ಲಿ ಗಂಡಸು ಎಂದು ಬರೆದಿದೆಯೇ ನೋಡು ಎಂದಳು. ನೋಡಿದೆ. ಹದಿನೆಂಟು ತುಂಬಿದ ‘ಶಖ್ಸ್’ ಎಂದಿತ್ತು, ಅಂದರೆ ವ್ಯಕ್ತಿ.

"ಹಂಗಾರ ನಾನೂ ಒಬ್ಬಾಕಿ ಶಕಸ್ಸ! ಏ ಮಾಳಪ್ಪಾ, ಕೇಳಿದೇನು? ನಿಮ್ಮತ್ತಿಗಿ ಶಕಸ್ ಆಗ್ಯಾಳ!"

ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಮಾಳಪ್ಪ ಆಕೆಯ ಮೈದುನ. ಊರಿನಲ್ಲೇ ಒಳ್ಳೆಯ ನೇಕಾರ, ಬಾಯಿ ಸತ್ತ ಮನುಷ್ಯ. ಹೌದೋ ಅಲ್ಲವೋ ತಿಳಿಯದೆ ಕೈಮುಗಿದ.

ಪಟ್ಟಿ ಬರೆಯಲು ನಾನು ಅವರ ಊರಿಗೆ ಹೋದ ದಿನ ಮದುವೆಯ ಮನೆಯಂತಿತ್ತು. ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರು ಬರೆಯಬೇಕು. ಗೊತ್ತಿದ್ದರೂ ಪದ್ಧತಿಯಂತೆ ಮಾಳಪ್ಪನ ಹೆಂಡತಿಯನ್ನು ಕೇಳಿದೆ. ಸೆರಗು ಬಾಯಿಗೆ ಹಿಡಿದು ನೆಲ ನೋಡಿದಳು. ಗಂಡನ ಹೆಸರನ್ನು ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದರೆ ಪ್ರಾಸದ ಒಡಪು ಕಟ್ಟಿ ಅದರೊಳಗೆ ಹೇಳಬೇಕು. ಪಟ್ಟಿ ಅಲ್ಲಿಗೇ ನಿಂತಿತು. ಹೆಂಗಸರೆಲ್ಲ ಸುತ್ತ ನೆರೆದು "ಹೇಳ ಹೇಳ" ಎಂದು ತಿವಿದರು. ಕೊನೆಗೆ ಆಕೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು:

"ಮಸ್ಕಿ ಸಂತ್ಯಾಗ ಮಾರ್ಯಾರ ಬೆಲ್ಲ, ಮಾಳಪ್ಪ ಉಣ್ಣಾಕ ಕುಂತ್ರ ಗಡಿಗ್ಯಾಗ ಏನೂ ಉಳಿಯೋದಿಲ್ಲ!"

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಾಳಪ್ಪ ಮಗ್ಗದ ಕುಣಿಯಲ್ಲಿ ಇಳಿದು ಕುಳಿತುಬಿಟ್ಟ. ಆಮೇಲೆ ದೊಡ್ಡವ್ವನ ಸರದಿ. ಆಕೆಯ ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಯಾರಾದರೂ ಬೇರೆಯವರು ಹೇಳಲಿ ಎಂದು ನಾನು ಸುತ್ತ ನೋಡಿದೆ. ಆಕೆಯೇ ಕದಿರು ತಿರುಗಿಸುತ್ತ ಹೇಳಿದಳು:

"ಅಡ್ಡಗ್ವಾಡಿ ಮ್ಯಾಲ ಗುಡ್ಡದ ಹುಲ್ಲ, ಬೀರಪ್ಪ ಹ್ವಾದ್ರೂ ಹೆಸರು ಹೋಗಿಲ್ಲ."

ನಾನು ಲೇಖನಿ ಎತ್ತಿಹಿಡಿದು ಆಕೆಯನ್ನೇ ನೋಡಿದೆ. "ಬರಿ ತಮ್ಮಾ, ಯಾಕ ನಿಂತಿ? ಬೀ-ರ-ಪ್ಪ," ಎಂದು ಆಕೆಯೇ ಎಬ್ಬಿಸಿದಳು.

ಇನ್ನು ನನ್ನ ಕೆಲಸ ಒಂದೇ ಉಳಿದಿತ್ತು. ಸಂಘದ ನಿಯಮಗಳನ್ನು ಉರ್ದುವಿನಲ್ಲಿ ಬರೆದು, ಹತ್ತೂ ಜನರಿಗೆ ಓದಿ ಹೇಳಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡು, "ಓದಿ ಹೇಳಲಾಗಿದೆ" ಎಂದು ನಾನು ಸಹಿ ಮಾಡಿ ರಾಯಚೂರಿಗೆ ಕಳಿಸಬೇಕು. ಕಂಬಳಿ ಸಂಘದ ನಿಯಮ ಯಾರೂ ಬರೆದದ್ದಿರಲಿಲ್ಲ. ಕುಳಿತು ಯೋಚಿಸಿ ಬರೆಯಬೇಕಿತ್ತು. ಆದರೆ ಅದು ಮೊಹರಂ ವಾರ. ಗೆಳೆಯರು ಮುದಗಲ್ಲಿಗೆ ಅಲಾಯಿ ಕುಣಿತ ನೋಡಲು ಗಾಡಿ ಕಟ್ಟಿದ್ದರು. ಕಪಾಟಿನಲ್ಲಿ, ಕೃಷ್ಣಾ ದಂಡೆಯ ಅಂಬಿಗರು ಹಿಂದೊಮ್ಮೆ ಕೇಳಿ, ನಾವು ಒಪ್ಪದೆ ಬಿಟ್ಟ ಸಂಘವೊಂದರ ಹಳೆಯ ನಿಯಮಗಳಿದ್ದವು. ಮೇಲಿನ ಹೆಸರು ಬದಲಿಸಿ, ಅಂಬಿಗ ಇದ್ದಲ್ಲಿ ನೇಕಾರ ಎಂದು ಮಾಡಿ, ಉಳಿದದ್ದನ್ನು ಇದ್ದಂತೆ ನಕಲು ಹೊಡೆದೆ. ದೋಣಿ, ಬಲೆ, ಮೀನು, ಹೊಳೆ ಎಲ್ಲವೂ ಹಾಗೇ ಬಂದವು. ಬಂದದ್ದು ನನಗೆ ಗೊತ್ತಿತ್ತು. ರಾಯಚೂರಿನಲ್ಲಿ ಇಂಥದ್ದನ್ನು ಓದುವವರು ಯಾರು, ಆ ಊರಿನಲ್ಲಿ ಓದಬಲ್ಲವರು ಯಾರು ಎಂದುಕೊಂಡೆ. ಊರಿಗೆ ಹೋಗಿ, ಗಾಡಿಗೆ ತಡವಾಗುತ್ತದೆಂದು, ಓದದೆಯೇ ಹತ್ತು ಹೆಬ್ಬೆಟ್ಟು ಒತ್ತಿಸಿಕೊಂಡೆ.

"ಏನ್ ಬರದಿ, ಓದಿ ಹೇಳು," ಎಂದು ದೊಡ್ಡವ್ವ ಕೇಳಿದಳು.

"ಎಲ್ಲಾ ನೀವು ಹೇಳಿದ್ದ ಐತಿ ಯವ್ವಾ," ಎಂದೆ.

ಆ ವರ್ಷ ಮುದಗಲ್ಲಿನ ಮೊಹರಂ ಬಹಳ ಚೆನ್ನಾಗಿತ್ತು.

ತಿಂಗಳ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರೇ ಬಂದರು. ಕೆಂಪು ಟೊಪ್ಪಿಗೆಯ, ಬೆಳ್ಳಗಿನ ಗಡ್ಡದ, ತೂಕದ ಮನುಷ್ಯ. ಕನ್ನಡ ಚೆನ್ನಾಗಿ ಆಡುತ್ತಿದ್ದರು. ಊರಿನ ಬೇವಿನ ಕಟ್ಟೆಯ ಮೇಲೆ ಕುಳಿತು ಕನ್ನಡಕ ಏರಿಸಿ ನಿಯಮಗಳನ್ನು ಓದತೊಡಗಿದರು. ಅವರು ಓದುವವರಾಗಿದ್ದರು.

"ನಾಲ್ಕನೇ ನಿಯಮ. ಪ್ರತಿಯೊಬ್ಬ ಮೆಂಬರ್ ತನ್ನ ದೋಣಿಯನ್ನು ತೂತಿಲ್ಲದಂತೆ ಇಟ್ಟುಕೊಳ್ಳಬೇಕು," ಎಂದು ಓದಿ, ಕನ್ನಡಕದ ಮೇಲಿಂದ ನೋಡಿದರು. "ದೋಣಿ ಎಲ್ಲಿ ಅದಾವ, ಅವ್ವ? ತೋರಸ್ರಿ, ನೋಡೋಣ."

ಮಸ್ಕಿ ಹಳ್ಳದಲ್ಲಿ ಮಳೆಗಾಲದಲ್ಲಿ ಮೊಳಕಾಲುದ್ದ ನೀರು. ಆಗ ಅದೂ ಇರಲಿಲ್ಲ. ನೇಕಾರರು ಒಬ್ಬರ ಮುಖ ಒಬ್ಬರು ನೋಡಿದರು. ಮಾಳಪ್ಪ ಎದ್ದು, ದೋಣಿ ಎಲ್ಲಾದರೂ ಇರಬಹುದೇನೋ ಎಂಬಂತೆ ಹಟ್ಟಿಯ ಹಿಂದೆ ಒಂದು ಸಲ ಹೋಗಿ ನೋಡಿ ಬಂದ.

ಸಾಹೇಬರು ದೊಡ್ಡವ್ವನ ಕಡೆ ತಿರುಗಿದರು. "ನೀವು ಸದರ್ ಅಂತ ಇದರಾಗ ಬರದೈತಿ. ಹೇಳ್ರಿ. ಈ ಗುಮಾಸ್ತ ಇದನ್ನ ನಿಮಗ ಓದಿ ಹೇಳಿದ್ನೋ ಇಲ್ಲೋ?"

ಇಲ್ಲ ಎಂದರೆ ನನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ನನ್ನನ್ನು ನೋಡಿದಳು. ನಾನು ಬೇವಿನ ಮರವನ್ನು ನೋಡಿದೆ.

"ಓದ್ಯಾನ್ರೀ," ಎಂದಳು. "ದೋಣಿ ಅಂತ ಓದಿದಾಗ ನಾನ ಸುಮ್ಮಕಾದೆ. ಸರ್ಕಾರದವರು ಸಂಘಕ್ಕ ಒಂದೊಂದು ದೋಣಿ ಕೊಡ್ತಾರೇನೋ ಅನ್ಕೊಂಡೆ. ಪುಕ್ಕಟ ಬರೋ ದೋಣಿ ಯಾಕ ಬ್ಯಾಡ ಅನ್ನಬೇಕ್ರೀ? ಹಳ್ಳಕ್ಕ ನೀರು ಬರೂತನಕ ಅದರಾಗ ಕುರಿಮರಿ ಕೂಡಿ ಹಾಕಾಕ ಬರ್ತಿತ್ತು."

ಮೊದಲು ನಕ್ಕವರು ಸಾಹೇಬರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಯಮ ಹೊಸದಾಗಿ ಬರೆಸಿ ಕಳಿಸಿ, ಸಂಘ ದಾಖಲಾಗುತ್ತದೆ ಎಂದರು. ಎಲ್ಲರ ಮುಖದಲ್ಲೂ ಬೆಳಕು ಬಂತು. ಆಮೇಲೆ ಮೆಲ್ಲಗೆ ಒಂದು ಮಾತು ಸೇರಿಸಿದರು: "ಆದ್ರ ಅವ್ವ, ತಿಳಿಲಾರದ್ದಕ್ಕ ಹೆಬ್ಬೆಟ್ಟು ಒತ್ತಿದಾಕಿನ್ನ ನಾ ಸದರ್ ಅಂತ ಒಪ್ಪಾಕ ಬರೂದಿಲ್ಲ. ಬ್ಯಾರೆಯವ್ರನ್ನ ಮಾಡ್ರಿ." ಆಕೆಯ ಹೆಸರಿನ ಮೇಲೆ ಗೀಟು ಎಳೆದು ಮಾಳಪ್ಪನ ಹೆಸರು ಬರೆದರು. ಕಾರಣವನ್ನೂ ಬರೆದರು: ನಿಯಮಗಳು ಅರ್ಥವಾಗದವಳು. ನಾನು ಮಸಿಯ ದೌತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಸಾಹೇಬರ ಗಾಡಿ ಹೋದ ಮೇಲೆ ಆಕೆಯ ಹತ್ತಿರ ಹೋದೆ. ದೌತಿ ಇನ್ನೂ ಕೈಯಲ್ಲೇ ಇತ್ತು.

"ಯಾಕ ಹಂಗ ನಿಂತಿ? ನಿನ್ನ ತಗದ್ರ ಇನ್ನೊಬ್ಬಾವ ಬರ್ತಿದ್ದ. ಅವನ್ನ ಮತ್ತ ಮೊದಲಿಂದ ಪಳಗಿಸಬೇಕಾಗ್ತಿತ್ತು. ನೀ ಅರ್ಧ ಪಳಗೀದಿ," ಎಂದಳು. ಆಮೇಲೆ ಕದಿರನ್ನು ನನ್ನ ಎದೆಗೆ ತಿವಿದು, "ದಂಡ ಕೇಳು. ಪ್ರತಿ ಅಮಾಸಿಗೆ ಇಲ್ಲಿ ಬರಬೇಕು. ಸರ್ಕಾರದಿಂದ ಏನ್ ಕಾಗದ ಬಂದ್ರೂ ಕನ್ನಡದಾಗ ಓದಿ ಹೇಳಬೇಕು. ಒಂದಕ್ಷರ ಬಿಡಂಗಿಲ್ಲ" ಎಂದಳು.

ಆ ದಂಡದಷ್ಟು ಸುಖವಾದ ದಂಡವನ್ನು ಯಾರೂ ಕಟ್ಟಿರಲಾರರು. ಅಮಾವಾಸ್ಯೆಗೆ ಮಗ್ಗ ಹೂಡುವುದಿಲ್ಲ. ಊರೆಲ್ಲ ಬೇವಿನ ಕಟ್ಟೆಗೆ ಬರುತ್ತಿತ್ತು. ನಾನು ಒಂದು ಕಲಮು ಓದುತ್ತಿದ್ದೆ, ಅವರು ಅದನ್ನು ಉಣ್ಣೆಯಂತೆ ಹಿಂಜುತ್ತಿದ್ದರು. ಸಭೆಗೆ ಬಾರದವರನ್ನು ಸಂಘದಿಂದ ತೆಗೆಯಬೇಕು ಎಂಬ ನಿಯಮ ಓದಿದಾಗ ದೊಡ್ಡವ್ವ, "ತಗದ್ರ ಏನ್ ಬಂತು? ಮುಂದಿನ ಅಮಾಸಿಗೆ ಎಲ್ಲಾರಿಗೂ ಅವ್ರೇ ರೊಟ್ಟಿ ಬಡೀಲಿ" ಎಂದಳು. ಹಾಗೇ ಬರೆದೆವು. ರಾಯಚೂರಿನವರು ಅದನ್ನು ಒಪ್ಪಿ ಕಳಿಸಿದಾಗ ಊರು ಎರಡು ದಿನ ನಕ್ಕಿತು.

ಇನ್ನೊಂದು ನಿಯಮ ಆಕೆಯದೇ. ಸೋರುವ ಕಂಬಳಿಗೆ ಸಂಘದ ಗುರುತು ಇಲ್ಲ. ಒಳ್ಳೆಯ ಕಂಬಳಿ ನೀರು ಹಿಡಿಯುತ್ತದೆ. ನಾಲ್ವರು ನಾಲ್ಕು ಮೂಲೆ ಹಿಡಿದು ನಿಲ್ಲಬೇಕು, ಮೇಲೆ ಒಂದು ಕೊಡ ನೀರು, ಕೆಳಗೆ ಅದನ್ನು ನೇಯ್ದವನು ಕುಳಿತುಕೊಳ್ಳಬೇಕು. ಸದರ್ ಎಂದು ಮಾಳಪ್ಪನಿಗೆ ವಿನಾಯಿತಿ ಕೊಡೋಣವೇ ಎಂದು ಯಾರೋ ಕೇಳಿದರು. "ಸದರ್ ಮೊದಲು ಕುಂದ್ರಬೇಕು," ಎಂದಳು. ಮಾಳಪ್ಪ ಕುಳಿತ. ತೊಯ್ದ. "ಒಂದ ಹನಿ!" ಎಂದು ಕಿರುಚಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವನ ಹೆಂಡತಿಯೂ ಕೇಳಿರಲಿಲ್ಲವಂತೆ. ಆ ಕಂಬಳಿಗೆ ಗುರುತು ಬೀಳಲಿಲ್ಲ.

ಮೂರನೆಯ ನಿಯಮ ನನಗಾಗಿ ಮಾಡಿದ್ದು: ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಇಲ್ಲ. ಓದುವುದು ಮೆಂಬರರ ಮಾತಿನಲ್ಲೇ ಆಗಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಇದನ್ನು ಎಷ್ಟು ಮೆಚ್ಚಿದರೆಂದರೆ ಬೇರೆ ಸಂಘಗಳಿಗೂ ಬರೆಸತೊಡಗಿದರು. ಸಿಂಧನೂರು ಕಡೆ ವಳಕಮದಿನ್ನಿಯಲ್ಲಿ ಕಾಳು ಕೂಡಿಡುವ ಸಂಘ ಮಾಡಿಕೊಂಡವರು ದೊಡ್ಡವ್ವನನ್ನು ಗಾಡಿಯಲ್ಲಿ ಕರೆದೊಯ್ದು ಆ ನಿಯಮ ಬರೆಸಿಕೊಂಡರು. ಲಿಂಗಸುಗೂರಿನಲ್ಲಿ ಯಾವ ಗುಮಾಸ್ತನಿಗೂ ಸುಮ್ಮನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಆಗದೆ ಹೋಯಿತು. ಅವರೆಲ್ಲ ನನ್ನನ್ನು ಬೈದರು.

ಕಂಬಳಿ ದವಾಖಾನೆಗಳಿಗೆ ಹೋಯಿತು. ಸಾವುಕಾರ ಉಣ್ಣೆ ಬೇಕೇ ಎಂದು ತಾನೇ ಕೇಳಿಕೊಂಡು ಬರುವಂತಾಯಿತು. ಸಂಘವನ್ನು ನಡೆಸುವವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕಚೇರಿಯ ಕಾಗದದಲ್ಲಿ ಆಕೆ ಅರ್ಥವಾಗದವಳು. ರಾಯಚೂರಿಗೆ ಹೋದಾಗ ಮಾಳಪ್ಪನಿಗೆ ಕುರ್ಚಿ ಹಾಕುತ್ತಿದ್ದರು, ಆಕೆ ಬಾಗಿಲ ಹೊರಗೆ ನೂಲು ತೆಗೆಯುತ್ತ ನಿಲ್ಲುತ್ತಿದ್ದಳು. ಮಾಳಪ್ಪ ಒಂದೊಂದು ಪ್ರಶ್ನೆಗೂ ಹೊರಗೆ ಬಂದು ಕೇಳಿಕೊಂಡು ಹೋಗುತ್ತಿದ್ದ.

ನಾಲ್ಕು ವರ್ಷ ಕಳೆಯಿತು. ನಿಜಾಮರ ಆಳ್ವಿಕೆಯ ಕೊನೆಯ ದಿನಗಳು ಸಮೀಪಿಸಿದ್ದವು. ನಮಗದು ತಿಳಿದಿರಲಿಲ್ಲ. ಒಂದು ಅಮಾವಾಸ್ಯೆ ಸದರ್ ಆಯ್ಕೆ ಬಂತು. ಮಾಳಪ್ಪ ಎದ್ದು ನಿಂತು, ಬದುಕಿನಲ್ಲಿ ಎರಡನೆಯ ಸಲ ಜೋರಾಗಿ, "ನನಗ ಸಾಕಾತು. ಅತ್ತಿಗಿನ ಮಾಡ್ರಿ" ಎಂದ. ಹತ್ತೂ ಕೈ ಮೇಲೆದ್ದವು. ಆಕೆಯ ಮುಖ ಮೊದಲ ಸಲ ಕೆಂಪಾದದ್ದನ್ನು ಕಂಡೆ.

ಹಿಂದೆ ತೆಗೆದುಹಾಕಿದವರನ್ನು ಮತ್ತೆ ಆರಿಸಿದರೆ ಕಾರಣ ಬರೆಯಬೇಕಿತ್ತು. ನಾನು ಬರೆದೆ. ಬರೆದದ್ದನ್ನು ನಿಯಮದ ಪ್ರಕಾರ ಓದಿ ಹೇಳಬೇಕು. ಓದಿದೆ: "ಈ ಹೆಂಗಸಿಗೆ ಹಿಂದೆ ನಿಯಮಗಳು ಅರ್ಥವಾಗುತ್ತಿರಲಿಲ್ಲ. ಈಗ ಅರ್ಥವಾಗುತ್ತವೆ."

ಆಕೆ ಬೆರಳಿಗೆ ಮಸಿ ಹಚ್ಚಿಕೊಂಡಿದ್ದಳು. ಕೈ ಹಿಂದೆ ತೆಗೆದಳು.

"ಇದು ಸುಳ್ಳು ಐತಿ ತಮ್ಮಾ. ಇದಕ್ಕ ಒತ್ತಂಗಿಲ್ಲ."

ನಾನು ಎದ್ದು ನಿಂತೆ. ಎಲ್ಲರೆದುರು ಹೇಳಿದೆ. ಅಂದು ನಾನು ಓದಿರಲೇ ಇಲ್ಲ, ದೋಣಿಯನ್ನು ತಂದವನು ನಾನು, ಮೊಹರಂ ನೋಡಲು ಹೋಗಿದ್ದೆ ಎಂದೆ. ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ಬೆರಗಿನಿಂದ ನೋಡುತ್ತಿದ್ದರು.

"ಇದನ್ನ ಹೇಳಾಕ ನಾಕ್ ವರ್ಷ ತಗೊಂಡ್ಯಾ?" ಎಂದಳು ಮಾಳಪ್ಪನ ಹೆಂಡತಿ. "ಅವತ್ತು ನಾವು ಹತ್ತೂ ಮಂದಿ ಇಲ್ಲೇ ಕುಂತಿದ್ದಿವಲ್ಲೋ! ನೀ ಓದಿದ್ರ ನಮಗ ಕೇಳತಿರಲಿಲ್ಲೇನು?"

ನಾನು ನಾಲ್ಕು ವರ್ಷ ಬಚ್ಚಿಟ್ಟುಕೊಂಡ ಗುಟ್ಟು ಅಲ್ಲಿ ಕುಳಿತವರಿಗೆಲ್ಲ ಮೊದಲ ದಿನದಿಂದಲೇ ಗೊತ್ತಿತ್ತು. ನಗು ಏಳುತ್ತಲೇ ಇತ್ತು. ನಾನೂ ನಕ್ಕೆ. ನಗು ಇಳಿದ ಮೇಲೆ ದೊಡ್ಡವ್ವ ಕಾಗದವನ್ನು ನನ್ನ ಕಡೆ ಸರಿಸಿದಳು.

"ಬಾಯಿಲೆ ಅಂದಿ, ಚಲೋ ಆತು. ಈಗ ಅದನ್ನ ಬರಿ."

ಬರೆದರೆ ರಾಯಚೂರು ಓದುತ್ತದೆ. ನನಗಾಗ ಮದುವೆಯಾಗಿತ್ತು. ಲೇಖನಿ ಮಸಿಯಲ್ಲಿ ಅದ್ದಿದೆ. ಹನಿ ಒಣಗಿತು. ಮತ್ತೆ ಅದ್ದಿದೆ. ಆಕೆ ಕದಿರು ತಿರುಗಿಸುತ್ತ ಕಾದಳು, ಬಹಳ ಹೊತ್ತು ಕಾದಳು. "ನೌಕರಿ ಹೋಗ್ತೈತಿ ಯವ್ವಾ," ಎಂದೆ.

ಆಕೆ ನಿಟ್ಟುಸಿರಿಡಲೂ ಇಲ್ಲ. "ಹಂಗಾರ ಮಾಳಪ್ಪನ ಇರ್ಲಿ ಬಿಡು. ಕುರ್ಚಿಗೋಸ್ಕರ ಸುಳ್ಳಿನ ಮ್ಯಾಲ ಬೆರಳು ಊರೂದಿಲ್ಲ ನಾ," ಎಂದಳು. ನಾನು ಮಾಳಪ್ಪನ ಹೆಸರು ಬರೆದು, ಗಟ್ಟಿಯಾಗಿ ಓದಿ ಹೇಳಿದೆ. ಅದು ಸುಳ್ಳಲ್ಲವಾದ್ದರಿಂದ ಆಕೆಯೇ ಮೊದಲು ಹೆಬ್ಬೆಟ್ಟು ಒತ್ತಿದಳು. ಆಕೆ ಕೊನೆಯವರೆಗೂ ಸದರ್ ಆಗಲಿಲ್ಲ.

ಆಮೇಲೆ ಊಟಕ್ಕೆ ಕೂರಿಸಿದರು. ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಮೆಣಸಿನಕಾಯಿ ಚಟ್ನಿ. ನಾನು ಮೂರು ರೊಟ್ಟಿ ತಿಂದೆ. ದೊಡ್ಡವ್ವ ಎದುರಿಗೆ ಕುಳಿತು ನೂಲು ತೆಗೆಯುತ್ತ ನೋಡುತ್ತಿದ್ದಳು.

"ತಪ್ಪು ಮಾಡಿದಾವ್ರಿಗೆ ಹಸಿವು ಜಾಸ್ತಿ ಇರ್ತೈತಿ," ಎಂದು ನೆಗೆಣ್ಣಿಯನ್ನು ಕೂಗಿದಳು. "ಇನ್ನೊಂದು ಹಾಕ ಅವಗ."

ನಾಲ್ಕನೆಯದನ್ನೂ ತಿಂದೆ.